ಇಸ್ಫಹಾನ್: ಮೊದಲು ಜಾಮೆ ಮಸೀದಿ, ಆಮೇಲೆ ಚೌಕ

ಇರಾನಿನ ಇಸ್ಫಹಾನ್‌ನಲ್ಲಿ ಒಂದೇ ದಿನ ಇರುವುದರಿಂದ ನಕ್ಷ್-ಎ-ಜಹಾನ್ ಚೌಕವನ್ನಷ್ಟೇ ನೋಡಿದರೆ ಊರಿನ ಚರಿತ್ರೆ ತಿಳಿದೀತೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಅರ್ಧ ಮಾತ್ರ ತಿಳಿಯುತ್ತದೆ. ಆ ಚೌಕವು 1598ರ ಸುಮಾರಿಗೆ ರಾಜಧಾನಿಯನ್ನು ಕಜ್ವಿನ್‌ನಿಂದ ಇಲ್ಲಿಗೆ ತಂದ ಸಫವಿ ವಂಶದ ದೊರೆ ಮೊದಲನೇ ಷಾ ಅಬ್ಬಾಸನ ಕಾಲದ್ದು; ಆದರೆ ಅದಕ್ಕೂ ಐದು ಶತಮಾನಗಳ ಹಿಂದೆಯೇ ತುರ್ಕಿ ಮೂಲದ ಸೆಲ್ಜುಕ್ ಸುಲ್ತಾನರ ಆಳ್ವಿಕೆಯಲ್ಲಿ ಈ ಊರು ರಾಜಧಾನಿಯಾಗಿ ಮೆರೆದಿತ್ತು. ಆದ್ದರಿಂದ ಬೆಳಿಗ್ಗೆ ಮೊದಲು ಜಾಮೆ ಮಸೀದಿಗೆ ಹೋಗಿ, 1086-88ರ ಅದರ ಎರಡು ಗುಮ್ಮಟಗಳನ್ನು ಒಳಗಿನಿಂದ ತಲೆಯೆತ್ತಿ ನೋಡಿ. ಬಣ್ಣದ ಹಂಗಿಲ್ಲದೆ ಬರೀ ಇಟ್ಟಿಗೆಯ ಜೋಡಣೆಯಿಂದಲೇ ಮೂಡಿದ ಚೆಲುವು ಅಲ್ಲಿದೆ. ಅಲ್ಲಿಂದ ಹಳೆಯ ಬಜಾರಿನ ಕಮಾನು ಚಾವಣಿಯ ಕೆಳಗೆ ನಡೆಯುತ್ತಾ ಚೌಕವನ್ನು ಸೇರಬಹುದು.

ಚೌಕದಲ್ಲಿ ಶೇಖ್ ಲುತ್ಫುಲ್ಲಾ ಮಸೀದಿಗೇ ಹೆಚ್ಚು ಹೊತ್ತು ಕೊಡಿ. ಅದಕ್ಕೆ ಮಿನಾರುಗಳಿಲ್ಲ, ಅಂಗಳವೂ ಇಲ್ಲ. ಚೌಕದ ದಿಕ್ಕು ಮೆಕ್ಕಾದ ದಿಕ್ಕಿಗೆ ಹೊಂದದ ಕಾರಣ, ಬಾಗಿಲು ದಾಟಿದವರನ್ನು ಮಬ್ಬುಗತ್ತಲೆಯ ಓಣಿಯೊಂದು ತಿರುಗಿಸಿಕೊಂಡು ಗುಮ್ಮಟದಡಿಗೆ ತರುತ್ತದೆ. ಗುಮ್ಮಟದ ನಡುವಿನ ಬಣ್ಣದ ಬಿಲ್ಲೆಗಳ ಚಿತ್ತಾರದ ಮೇಲೆ ಬೀಳುವ ಬೆಳಕು ನವಿಲಿನ ಗರಿಯಂತೆ ಹರಡುತ್ತದೆ. (ಬೀದರಿನಲ್ಲಿ ಇರಾನಿನ ಗಿಲಾನ್ ಮೂಲದ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾದ ಅಳಿದುಳಿದ ಬಣ್ಣದ ಬಿಲ್ಲೆಗಳನ್ನು ನೋಡಿದ್ದರೆ, ಈ ಕಸುಬು ನಿಮಗೆ ಪೂರ್ತಿ ಹೊಸತೆನಿಸದು.) ಸಂಜೆಗೆ ಮೂವತ್ತಮೂರು ಕಮಾನುಗಳ ಸೀ-ಒ-ಸೆ ಸೇತುವೆಯನ್ನು ಇಟ್ಟುಕೊಳ್ಳಿ; ಅದರ ಕೆಳಗಿನ ಜಾಯಂದೆ ನದಿ ಈಚಿನ ವರ್ಷಗಳಲ್ಲಿ ಬಹಳ ಕಾಲ ಒಣಗಿರುವುದರಿಂದ ನೀರನ್ನು ಮಾತ್ರ ನಿರೀಕ್ಷಿಸಬೇಡಿ.