ಚೀಟಿ ಗೋಡೆಗೆ ಅಂಟಿಸಿದರೆ ಸಾಕಾ?

ಪ್ರಶ್ನೆ: ಮೇಡಂ, ನಾನು ಪೊನ್ನಂಪೇಟೆ ಕಡೆಯವಳು, ಪಿಯುಸಿ ಓದುತ್ತಿದ್ದೇನೆ. ಹಾಕಿ ಆಡುತ್ತೇನೆ, ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲ್ ಪಕ್ಕದ ಗೆರೆಯಿಂದ (ಬ್ಯಾಕ್‌ಲೈನ್) ಬಾಲ್ ಪುಶ್ ಮಾಡುವವಳು ನಾನೇ. ಹೋದ ವರ್ಷ ‘ಸ್ಟೇಟ್ ಟೀಮಿಗೆ ಸೆಲೆಕ್ಟ್ ಆಗಲೇಬೇಕು’ ಅಂತ ಬರೆದು ಮಂಚದ ಎದುರು ಗೋಡೆಗೆ ಅಂಟಿಸಿದ್ದೆ. ಆಗಲಿಲ್ಲ. ಈಗ ಆ ಚೀಟಿ ನೋಡಿದರೆ ಅಳು ಬರುತ್ತದೆ, ಕಿತ್ತು ಹಾಕುವುದಕ್ಕೂ ಮನಸ್ಸಿಲ್ಲ. ಗುರಿ ಇಟ್ಟುಕೊಂಡಿದ್ದೇ ತಪ್ಪಾ?

ಉತ್ತರ: ತಪ್ಪಲ್ಲ ಮರಿ. ಆದರೆ ನೀನು ಇಟ್ಟುಕೊಂಡಿದ್ದು ಒಂದೇ ಗುರಿ, ಅದೂ ಬೇರೆಯವರ ಕೈಯಲ್ಲಿರುವುದು. ಸೆಲೆಕ್ಟರ್ ಯಾರು, ಆ ದಿನ ಟ್ರಯಲ್ಸ್‌ಗೆ ಎಷ್ಟು ಜನ ಬಂದರು, ಅವರಿಗೆ ಎಂಥ ಆಟಗಾರ್ತಿ ಬೇಕಿತ್ತು, ಇದ್ಯಾವುದೂ ನಿನ್ನ ಕೈಲಿಲ್ಲ ಅಲ್ವಾ?

ನಮ್ಮ ಕೊಡವ ಒಕ್ಕಗಳ, ಅಂದರೆ ಮನೆತನಗಳ, ಹಾಕಿ ಟೂರ್ನಿಯನ್ನೇ ನೋಡು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿಗೆ ಬಂದಿದ್ದು 360 ತಂಡ. ಕಪ್ ಒಂದೇ. ‘ಕಪ್ ಗೆಲ್ಲಬೇಕು’ ಅನ್ನುವುದಷ್ಟೇ ಗುರಿಯಾಗಿದ್ದರೆ 359 ಮನೆಯವರೂ ಆ ಬೇಸಿಗೆ ಸುಮ್ನೆ ಹಾಳಾಯಿತು ಅಂದುಕೊಂಡು ಮನೆಗೆ ಹೋಗಬೇಕಾಗಿತ್ತು.

ಕ್ರೀಡಾ ಮನೋವಿಜ್ಞಾನದವರು ಗುರಿಯನ್ನು ಮೂರು ಥರ ಮಾಡುತ್ತಾರೆ. ಗೆಲುವು, ಆಯ್ಕೆ, ಮೆಡಲ್ ಇವೆಲ್ಲ ಫಲಿತಾಂಶದ ಗುರಿ. ನಿನ್ನದೇ ಹಳೆಯ ಲೆಕ್ಕವನ್ನು ನೀನೇ ದಾಟುವುದು ಸಾಧನೆಯ ಗುರಿ. ಬಾಲ್ ಮುಟ್ಟುವ ಆ ಗಳಿಗೆಯಲ್ಲಿ ಕಾಲು, ಸೊಂಟ, ಕೈ ಏನು ಮಾಡಬೇಕು ಅನ್ನುವುದು ಪ್ರಕ್ರಿಯೆಯ ಗುರಿ. ದೊಡ್ಡದು ಇರಲಿ, ಆ ಚೀಟಿ ಕೀಳಬೇಡ, ಟ್ರಂಕಿನೊಳಗೆ ಇಟ್ಟುಬಿಡು. ದಿನಾ ಕಣ್ಣಿಗೆ ಬೀಳಬೇಕಾದ್ದು ಉಳಿದೆರಡು.

ಹೇಗೆ ಅಂತ ನಿನ್ನ ಪುಶ್‌ನಿಂದಲೇ ಹೇಳುತ್ತೇನೆ. ಗೋಲ್ ಕಂಬದಿಂದ 10 ಮೀಟರ್ ದೂರದಲ್ಲಿ ಬ್ಯಾಕ್‌ಲೈನ್ ಮೇಲೆ ಬಾಲ್ ಇಡು. ‘ಡಿ’ (ಗೋಲಿನ ಎದುರಿನ ಅರ್ಧವೃತ್ತ) ತುದಿಯಲ್ಲಿ, ಬಾಲ್ ಸ್ಟಾಪ್ ಮಾಡುವವಳು ನಿಲ್ಲುವ ಜಾಗದಲ್ಲಿ, ಎರಡು ಚಪ್ಪಲಿಯನ್ನು ಒಂದು ಸ್ಟಿಕ್ ಉದ್ದದಷ್ಟು ಜಾಗ ಬಿಟ್ಟು ಇಡು. 20 ಸಲ ಪುಶ್ ಮಾಡು. ಎಷ್ಟು ಬಾಲ್ ಚಪ್ಪಲಿಗಳ ನಡುವೆ ಹೋಯಿತು, ಬರೆದುಕೋ. ಮೊದಲ ವಾರ ಗುರಿಯೇ ಬೇಡ, ಬರೀ ಎಣಿಸು. 11 ಬರುತ್ತಿದೆ ಅಂದುಕೋ. ಮುಂದಿನ ಎರಡು ವಾರಕ್ಕೆ 13. ಒಂದೇ ಸಲ 18 ಅಂತ ಬರೆದುಕೊಂಡೆಯೋ, ಮೂರನೇ ದಿನಕ್ಕೆ ಪುಸ್ತಕ ಮುಚ್ಚಿಡುತ್ತೀಯ. ಜೊತೆಗೆ ಪ್ರಕ್ರಿಯೆಯದು ಒಂದೇ ಒಂದು ಸಾಲು: ‘ಎಡಗಾಲು ಚಪ್ಪಲಿ ಕಡೆಗೆ’ ಅಂತಲೋ, ನಿನ್ನ ಕೋಚ್ ಏನು ತಿದ್ದುತ್ತಾರೋ ಅದು. ಮ್ಯಾಚಿನ ಒತ್ತಡದಲ್ಲಿ ತಲೆಯೊಳಗೆ ಉಳಿಯುವುದು ಆ ಒಂದು ಸಾಲೇ. ಐದು ಬರೆದರೆ ಐದೂ ಹೋಗುತ್ತವೆ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಮಣ್ಣಿನ ಮೈದಾನ ಗದ್ದೆ ಆಗಿಬಿಡುತ್ತದೆ, ಆ ನಾಲ್ಕು ತಿಂಗಳಿಗೂ ಬೇಸಿಗೆಯ ಗುರಿಯನ್ನೇ ಇಟ್ಟುಕೊಂಡರೆ ಆಗುವುದು ಬೇಜಾರು ಮಾತ್ರ. ಆಗ ಸಂಖ್ಯೆ ಬದಲಿಸು, ನಾಚಿಕೆಯೇನಿಲ್ಲ. ಕಾಫಿ ಕಣ ಹೇಗೂ ಖಾಲಿ ಇರುತ್ತದೆ, ಮಳೆ ಬಿಟ್ಟಾಗ ಅಲ್ಲಿ ಪುಶ್ ಮಾಡಬಹುದು. (ಪಾಚಿ ಕಟ್ಟಿದ್ದರೆ ಮೊದಲು ಉಜ್ಜಿ ತೊಳೆ. ನಾನು ಅಲ್ಲೇ ಜಾರಿ ಬಿದ್ದು ಮೂರು ವಾರ ಮನೆಯಲ್ಲಿ ಕೂತವಳು.)

ಪ್ರಶ್ನೆ: ಸೋಮವಾರಪೇಟೆಯಿಂದ ಬರೆಯುತ್ತಿದ್ದೇನೆ, 400 ಮೀಟರ್ ಓಡುತ್ತೇನೆ. ‘ಸ್ಮಾರ್ಟ್’ ಗುರಿ, ಅಂದರೆ ಖಚಿತವಾದ, ಅಳೆಯಬಹುದಾದ, ಗಡುವಿರುವ ಗುರಿ ಇಟ್ಟುಕೋ ಅಂತಾರೆ. ನನಗೆ ‘ನನ್ನ ಬೆಸ್ಟ್ ಕೊಡ್ತೀನಿ’ ಅನ್ನುವುದೇ ಸಾಕು ಅನಿಸುತ್ತದೆ.

ಉತ್ತರ: ‘ಸ್ಮಾರ್ಟ್’ ಹುಟ್ಟಿದ್ದು ಮೈದಾನದಲ್ಲಲ್ಲ, 1981ರಲ್ಲಿ ಜಾರ್ಜ್ ಡೋರನ್ ಎಂಬುವರು ಆಫೀಸಿನ ಮ್ಯಾನೇಜರ್‌ಗಳಿಗೆ ಅಂತ ಬರೆದಿದ್ದು. ಅದನ್ನು ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಆದರೆ ‘ಬೆಸ್ಟ್ ಕೊಡ್ತೀನಿ’ ಅನ್ನುವುದರಲ್ಲಿ ಒಂದು ತೊಂದರೆ ಇದೆ: ಕೊಟ್ಟೆಯಾ ಇಲ್ಲವಾ ಅಂತ ಸಂಜೆ ಯಾರೂ ಹೇಳಲಾರರು, ನೀವೂ. ಮನೋವಿಜ್ಞಾನಿಗಳಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ಖಚಿತವಾದ, ಸ್ವಲ್ಪ ಕಷ್ಟದ ಗುರಿ ಇಟ್ಟವರು ‘ಕೈಲಾದಷ್ಟು ಮಾಡು’ ಅನ್ನಿಸಿಕೊಂಡವರಿಗಿಂತ ಸಾಮಾನ್ಯವಾಗಿ ಜಾಸ್ತಿ ಮಾಡುತ್ತಾರೆ ಅಂತ ಅವರು ತೋರಿಸಿದರು. ಕ್ರೀಡೆಯಲ್ಲಿ ಇದನ್ನು ಪರೀಕ್ಷಿಸಿದಾಗ ಕೆಲವು ಸಲ ವ್ಯತ್ಯಾಸವೇ ಕಾಣಲಿಲ್ಲ. ಯಾಕೆ ಗೊತ್ತಾ? ‘ಕೈಲಾದಷ್ಟು ಮಾಡಿ’ ಅಂದ ಗುಂಪಿನವರೂ ಒಳಗೊಳಗೇ ತಮ್ಮದೊಂದು ಲೆಕ್ಕ ಇಟ್ಟುಕೊಂಡಿದ್ದರು! ಬಹುಶಃ ನೀವೂ ಇಟ್ಟುಕೊಂಡಿದ್ದೀರಿ.

ಒಂದು ಎಚ್ಚರ. ಊರಿನ ಮಣ್ಣಿನಲ್ಲಿ ಓಡಿದ ಟೈಮನ್ನು ಸಿಂಥೆಟಿಕ್ ಟ್ರ್ಯಾಕಿನ ಟೈಮಿನ ಪಕ್ಕ ಬರೆಯಬೇಡಿ. ಎರಡಕ್ಕೂ ಬೇರೆ ಬೇರೆ ಪುಟ.

ಪ್ರಶ್ನೆ: ನಾನು ವಿರಾಜಪೇಟೆಯ ಒಬ್ಬ ತಂದೆ. ಮಗನಿಗೆ 14 ವರ್ಷ, ಟೆನಿಸ್ ಆಡುತ್ತಾನೆ. ಎರಡು ವರ್ಷದಲ್ಲಿ ಸ್ಟೇಟ್ ಲೆವೆಲ್ ಅಂತ ನಾನೇ ಗುರಿ ಹಾಕಿ ಟೈಮ್‌ಟೇಬಲ್ ಮಾಡಿಕೊಟ್ಟೆ. ಈಗ ಹೊಟ್ಟೆನೋವು ಅಂತ ಕೋರ್ಟಿಗೇ ಬರುವುದಿಲ್ಲ.

ಉತ್ತರ: ಸರ್, ಪತ್ರದಲ್ಲಿ ‘ನಾನೇ’ ಅಂತ ನೀವೇ ಬರೆದಿದ್ದೀರಲ್ಲ. ಹೊಟ್ಟೆನೋವನ್ನು ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ. ಅದಲ್ಲ ಅಂತಾದರೆ ಗುರಿ ನಿಮ್ಮದು, ಓಡಬೇಕಾದವನು ಅವನು. ಒಪ್ಪಿಕೊಳ್ಳದ ಗುರಿ ಕೆಲಸ ಮಾಡುವುದಿಲ್ಲ ಅನ್ನುವುದನ್ನೂ ಲಾಕ್, ಲೇಥಮ್ ಹೇಳಿದ್ದಾರೆ.

ಇನ್ನು ಎರಡು ವರ್ಷದ ಗಡುವು. ನಮ್ಮ ಕೊಡಗಿನವರೇ ಆದ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಪುರುಷರ ಡಬಲ್ಸ್‌ನಲ್ಲಿ ಮೊದಲ ಗ್ರ್ಯಾಂಡ್‌ಸ್ಲಾಮ್ ಗೆದ್ದಿದ್ದು 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ. ನಿಮ್ಮ ಹುಡುಗನಿಗೂ ಹಾಗೇ ಆಗುತ್ತದೆ ಅಂತ ಹೇಳುತ್ತಿಲ್ಲ, 16ಕ್ಕೆ ಬಾಗಿಲು ಮುಚ್ಚುವುದಿಲ್ಲ ಅಂತ ಅಷ್ಟೇ.

ಟೈಮ್‌ಟೇಬಲ್ ಹರಿದುಹಾಕಿ, ಅವನ ಎದುರಿಗೇ. ಒಂದು ಖಾಲಿ ಹಾಳೆ ಕೊಟ್ಟು ‘ಈ ತಿಂಗಳು ನಿನಗೆ ಯಾವ ಶಾಟ್ ಸರಿ ಮಾಡಿಕೊಳ್ಳಬೇಕು ಅನಿಸುತ್ತೆ?’ ಅಂತ ಕೇಳಿ. ಕೇಳಿ ಸುಮ್ಮನಿರಿ, ಅದೇ ನಿಮಗೆ ಕಷ್ಟ. ‘ಸೆಕೆಂಡ್ ಸರ್ವ್’ ಅಂದರೆ ಅದೇ ಗುರಿ, ಎಷ್ಟರಲ್ಲಿ ಎಷ್ಟು ಅನ್ನುವುದನ್ನೂ ಅವನೇ ಬರೆಯಲಿ. ‘ಏನೂ ಬೇಡ’ ಅಂದರೆ ಎರಡು ವಾರ ರ‍್ಯಾಕೆಟ್ ಬೀರುವಿನಲ್ಲಿರಲಿ. ಆಮೇಲೂ ಅವನಾಗಿ ಕೇಳದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಆದರೆ ಈ ಸಲ ಬರೆಯುವವನು ಅವನಾಗಿರಲಿ.