ಬೇರಿಂಗ್ ಬಿಟ್ಟು ಪ್ರೆಸ್ಸಿಗೆ ಬೇರೆ ಕೆಲಸ ಇಲ್ವಾ?

ಪ್ರಶ್ನೆ: ಮೇಸ್ತ್ರಿಗಳೇ, ನಮಸ್ಕಾರ. ಕಾರಟಗಿಯಲ್ಲಿ ನನ್ನದು ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಹೋದ ವರ್ಷ 20 ಟನ್ನಿನ ಹೈಡ್ರಾಲಿಕ್ ಪ್ರೆಸ್ (ಎಣ್ಣೆಯ ಒತ್ತಡದಿಂದ ಒತ್ತುವ ಯಂತ್ರ) ತಂದೆ. ವಾರಕ್ಕೆ ಎರಡು ಬೇರಿಂಗ್ ಒತ್ತಿದರೆ ಮುಗೀತು. ಉಳಿದ ದಿನ ಅದಕ್ಕೆ ಊಟದ ಚೀಲ ನೇತುಹಾಕುತ್ತೇವೆ. "ಬಾಗಿಲಿಲ್ಲದ ಚೌಕಟ್ಟು ತಂದು ನಿಲ್ಲಿಸಿದ್ದಾನೆ" ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಾರೆ. ಇದರಿಂದ ಇನ್ನೇನು ಕೆಲಸ ತೆಗೆಯಬಹುದು?

ಉತ್ತರ: ನಿಮ್ಮ ಅಪ್ಪನ ಮಾತಿಗೆ ಜೋರಾಗಿ ನಕ್ಕೆ. ಗಂಗಾವತಿಯ ನನ್ನ ಅಂಗಡಿಯಲ್ಲೂ ಮೊದಲ ಎರಡು ವರ್ಷ ಪ್ರೆಸ್ ಮೇಲೆ ಟವೆಲ್ ಒಣಗುತ್ತಿತ್ತು. ತಪ್ಪು ಪ್ರೆಸ್ಸಿನದಲ್ಲ. ಅದರ ಕೆಳಗೆ ಇಡೋಕೆ ನನ್ನ ಹತ್ರ ತುಂಡುಗಳೇ ಇರಲಿಲ್ಲ. ಒಂದು ಬುಷ್ (ರಂಧ್ರದೊಳಗೆ ಕೂರುವ ಕೊಳವೆ) ಬಂದರೆ ಅದಕ್ಕೆ ಸರಿಹೋಗುವ ಪೈಪು ಹುಡುಕಲು ಅರ್ಧ ಗಂಟೆ. ಅಷ್ಟರಲ್ಲಿ ಹುಡುಗ ಸುತ್ತಿಗೆ ಎತ್ತಿರುತ್ತಿದ್ದ.

ಮೊದಲು ಗುಜರಿಗೆ ಹೋಗಿ. ದಪ್ಪ ಗೋಡೆಯ ಪೈಪಿನ ತುಂಡು, 20ರಿಂದ 60 ಎಂ.ಎಂ. ತನಕದ ಮೆದು ಕಬ್ಬಿಣದ ಗುಂಡು ಸರಳು, 25 ಎಂ.ಎಂ. ದಪ್ಪದ ಎರಡು ಪ್ಲೇಟು ತನ್ನಿ. ಲೇತಿನವರ ಹತ್ರ ಎರಡೂ ತುದಿ ನೇರ ಮಾಡಿಸಿ, ಮೇಲೆ ಅಳತೆ ಕೊರೆದು ಒಂದು ಡಬ್ಬಿಯಲ್ಲಿ ಹಾಕಿಡಿ. ಆದರೆ ಹಳೇ ಬೇರಿಂಗ್ ರಿಂಗನ್ನು ಮಾತ್ರ ತುಂಡಾಗಿ ಬಳಸಬೇಡಿ. ಅದು ಗಟ್ಟಿ ಉಕ್ಕು, ಬಾಗಲ್ಲ, ಸಿಡಿಯುತ್ತೆ. ನಾನು ಒಮ್ಮೆ ಸುಮ್ನೆ ಸೋಮಾರಿತನಕ್ಕೆ ಇಟ್ಟಿದ್ದೆ. ಠಪ್ ಅಂತ ಸದ್ದಾಯಿತು, ಅಷ್ಟೇ. ಆಮೇಲೆ ನೋಡಿದರೆ ನನ್ನ ಹಿಂದಿನ ತಗಡಿನಲ್ಲಿ ಉಗುರು ಗಾತ್ರದ ತೂತು. ನನ್ನ ಕಿವಿಯಿಂದ ಅದಕ್ಕೆ ಒಂದು ಗೇಣು ದೂರ ಇರಬಹುದು. ಬೀಡು ಕಬ್ಬಿಣದ ಪುಲ್ಲಿಯೂ ಹಾಗೇ, ಹೇಳದೆ ಕೇಳದೆ ಒಡೆಯುತ್ತೆ. ಈಗ ಪ್ರೆಸ್ ಮುಂದೆ ದಪ್ಪ ತಗಡಿನ ಮರೆ ಇಟ್ಟಿದ್ದೇನೆ.

ಇನ್ನು ಕೆಲಸ. ನಮ್ಮ ಭಾಗದಲ್ಲಿ ಅಕ್ಕಿ ಗಿರಣಿಗೇನು ಬರವಾ? ಕಾಳು ಮೇಲೆತ್ತುವ ಎಲಿವೇಟರಿನ ಶಾಫ್ಟ್ (ತಿರುಗುವ ಸರಳು) ಬಾಗಿದರೆ ಎಷ್ಟೋ ಜನ ಹೊಸದೇ ಮಾಡಿಸುತ್ತಾರೆ. ಅದನ್ನು ನೀವು ನೇರ ಮಾಡಿಕೊಡಬಹುದು. ಬೆಡ್ ಮೇಲೆ 400 ಎಂ.ಎಂ. ಅಂತರದಲ್ಲಿ ಎರಡು ವಿ ಬ್ಲಾಕ್ (ಮೇಲೆ ವಿ ಆಕಾರದ ಗಾಡಿ ಇರುವ ದಿಮ್ಮಿ) ಇಟ್ಟು ಶಾಫ್ಟ್ ಕೂರಿಸಿ. ಡಯಲ್ ಗೇಜ್ (ಉಬ್ಬು ತಗ್ಗನ್ನು ಮುಳ್ಳಿನಲ್ಲಿ ತೋರಿಸುವ ಅಳತೆಗೋಲು) ಹಚ್ಚಿ ಕೈಯಲ್ಲಿ ತಿರುಗಿಸಿ. ಉಬ್ಬಿದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಆ ಗುರುತು ಮೇಲೆ ಬರುವಂತೆ ಇಟ್ಟು ಒತ್ತಿ. ಒಂದು ಸಲ ಪೂರ್ತಿ ತಿರುಗಿಸಿದಾಗ ಡಯಲ್ 0.8 ಎಂ.ಎಂ. ಆಡಿದರೆ ಶಾಫ್ಟ್ ಬಾಗಿರೋದು 0.4 ಮಾತ್ರ. ಇದನ್ನು ಮರೆತು ನಾನು ಒಂದು ಶಾಫ್ಟನ್ನು ಆಚೆ ಕಡೆಗೆ ಬಾಗಿಸಿದ್ದೆ.

40 ಎಂ.ಎಂ. ಶಾಫ್ಟು ಈ ಅಂತರದಲ್ಲಿ ಎರಡು, ಎರಡೂವರೆ ಟನ್ನಿಗೆ ಸೋಲೋಕೆ ಶುರುಮಾಡುತ್ತೆ. ಅದಕ್ಕೂ ಮೊದಲು, ಸುಮಾರು ಒಂದು ಎಂ.ಎಂ. ತಗ್ಗುವ ತನಕ, ಒತ್ತಿ ಬಿಟ್ಟರೆ ಸ್ಪ್ರಿಂಗಿನ ಹಾಗೆ ವಾಪಸ್ ಬಂದುಬಿಡುತ್ತೆ. ಅಲ್ಲಿಂದಾಚೆ ಕಾಲು ಎಂ.ಎಂ. ಹೆಚ್ಚಿಸಿ ಒತ್ತಿ, ಬಿಡಿ, ತಿರುಗಿಸಿ ನೋಡಿ. ಮತ್ತೆ ಕಾಲು. ಅವಸರ ಮಾಡಿದರೆ ಕೆಟ್ಟಿತು. ಸ್ಟಿಯರಿಂಗ್ ರಾಡು, ಗಟ್ಟಿ ಪಾಲಿಶಿನ ಸಿಲಿಂಡರ್ ರಾಡು ಮಾತ್ರ ನೇರ ಮಾಡಿಕೊಡಿ ಅಂತ ಯಾರು ಬಂದರೂ ಕೈಮುಗಿದು ಕಳಿಸಿ. ಅವುಗಳಲ್ಲಿ ಬಿರುಕು ಕಣ್ಣಿಗೆ ಕಾಣಲ್ಲ.

ಕಾಲುವೆಗೆ ನೀರು ಬಿಟ್ಟ ಮೇಲೆ ರೋಟವೇಟರುಗಳು ಕೆಸರು ಮೆತ್ತಿಕೊಂಡು ಬರುತ್ತವಲ್ವಾ? ಅವುಗಳ ಶಾಫ್ಟಿನ ಯು ಜಾಯಿಂಟ್ ಕ್ರಾಸ್ (ಕೂಡು ಗುರುತಿನ ಆಕಾರದ ತುಂಡು, ತುದಿಗಳಿಗೆ ಕಪ್) ಬಿಚ್ಚಲು ಸುತ್ತಿಗೆ ಬೇಡ. ಸರ್ಕ್ಲಿಪ್ (ಕಪ್ ಹಿಡಿದಿಡುವ ಉಂಗುರ) ತೆಗೆದು, ಮೇಲೆ ಕಪ್‌ಗಿಂತ ಚಿಕ್ಕ ತುಂಡು, ಕೆಳಗೆ ಕಪ್ ಬೀಳುವಷ್ಟು ದೊಡ್ಡ ಪೈಪು ಇಟ್ಟು ಒತ್ತಿ. ಹೊಸದು ಹಾಕುವಾಗ ಒಳಗಿನ ಸೂಜಿಗಳಿಗೆ ಗ್ರೀಸ್ ಮೆತ್ತಿ ನಿಲ್ಲಿಸಿ. ಹಿಡಿಕೆ ಏಕಾಏಕಿ ಬಿಗಿ ಬಂತು ಅಂದ್ರೆ ಒಂದು ಸೂಜಿ ಅಡ್ಡ ಬಿದ್ದಿದೆ, ಅಲ್ಲೇ ನಿಲ್ಲಿಸಿ.

ಟ್ರೇಲರ್ ಪಟ್ಟಾದ (ಸ್ಪ್ರಿಂಗ್ ಪಟ್ಟಿಯ) ಬುಷ್ಷು, ಮುಂದಿನ ಆಕ್ಸಲ್ ಬುಷ್ಷು ನಿಮಗೇ ಗೊತ್ತು. ಕಬ್ಬಿಣದ ಪಟ್ಟಿ ಬಗ್ಗಿಸಲು ದಪ್ಪ ಆಂಗಲ್ (ಎಲ್ ಆಕಾರದ ಕಬ್ಬಿಣ) ಒಂದನ್ನು ಬಾಯಿ ಮೇಲೆ ಮಾಡಿ ಪ್ಲೇಟಿಗೆ ಬೆಸುಗೆ ಹಾಕಿಸಿ. ಬಾಯಿ 80 ಎಂ.ಎಂ. ಇದ್ದರೆ, 75 ಅಗಲ, 10 ದಪ್ಪದ ಪಟ್ಟಿ ಐದಾರು ಟನ್ನಿಗೆ ಬಗ್ಗುತ್ತೆ. ಗ್ಯಾಸ್ ಹಚ್ಚಿ ಕಾಯಿಸುವ ರಗಳೆ ಇಲ್ಲ.

ದುಡ್ಡಿದ್ದರೆ ಒಂದು ಪ್ರೆಶರ್ ಗೇಜ್ ಹಾಕಿಸಿ. ಒಳಗಿನ ಪಿಸ್ಟನ್ 60 ಎಂ.ಎಂ. ಆದರೆ ಗೇಜಿನ ಪ್ರತಿ 100ಕ್ಕೆ (ಚದರ ಸೆಂಟಿಮೀಟರಿಗೆ ಕೆಜಿ ಲೆಕ್ಕದಲ್ಲಿ) 2.8 ಟನ್. 700 ಹತ್ರ ಬಂದರೆ ನಿಮ್ಮ 20 ಟನ್ ಮುಗೀತು. ಹಿಡಿಕೆಗೆ ಪೈಪು ಸಿಕ್ಕಿಸಿ ಎಳೆಯುವ ಚಟ ಆಗ ತಾನೇ ಬಿಡುತ್ತೆ.

ಪ್ರಶ್ನೆ: ಪ್ರೆಸ್ಸಿನಲ್ಲಿ ಒತ್ತಿ ಹಿಡಿದರೆ ಎರಡೇ ನಿಮಿಷದಲ್ಲಿ ತಾನಾಗಿಯೇ ಸಡಿಲಾಗುತ್ತೆ. ಎಣ್ಣೆ ಎಲ್ಲೂ ಸೋರುತ್ತಿಲ್ಲ. ಜಾಕ್ ಬದಲಿಸಬೇಕಾ? (ಸಿರುಗುಪ್ಪದಿಂದ ಒಬ್ಬ ಓದುಗರು)

ಉತ್ತರ: ಇಷ್ಟು ಬೇಗ ಬೇಡ. ಹೊರಗೆ ಸೋರದೆ ಸಡಿಲಾದರೆ ಜಾಸ್ತಿ ಸಲ ಒಳಗಿನ ವಾಲ್ವಿನ ಗುಂಡಿನಡಿ ಕಸ ಕೂತಿರುತ್ತೆ. ಒತ್ತಡ ಬಿಡುವ ಸ್ಕ್ರೂ ತೆರೆದಿಟ್ಟು ಹಿಡಿಕೆಯನ್ನು ಹತ್ತು ಹದಿನೈದು ಸಲ ಪೂರ್ತಿ ಆಡಿಸಿ. ಗಾಳಿಯೂ ಹೋಗುತ್ತೆ. ಆಗಲಿಲ್ಲವಾ, ಹಳೇ ಎಣ್ಣೆ ಚೆಲ್ಲಿ ಹೊಸ ಹೈಡ್ರಾಲಿಕ್ ಎಣ್ಣೆ ತುಂಬಿ. ಬ್ರೇಕ್ ಎಣ್ಣೆ ಹಾಕಬೇಡಿ, ಸೀಲುಗಳು ಉಬ್ಬಿ ಹಾಳಾಗುತ್ತವೆ. ಅದಕ್ಕೂ ಬಗ್ಗದಿದ್ದರೆ ಸೀಲ್ ಕಿಟ್ ತರಿಸಿ, ಜಾಕ್ ಅಲ್ಲ.