ಎಟಿಪಿ ರ‍್ಯಾಂಕಿಂಗ್‌ನಲ್ಲಿ 600ರ ಆಸುಪಾಸಿನಲ್ಲಿರುವವನಿಗೆ ಟೆನಿಸ್‌ನಿಂದಲೇ ಜೀವನ ಸಾಗುತ್ತದೆಯೇ?

ತಮ್ಮನ ರ‍್ಯಾಂಕಿಂಗ್ ಎಟಿಪಿಯ, ಅಂದರೆ ಪುರುಷರ ವೃತ್ತಿಪರ ಟೆನಿಸ್‌ನ, ವಿಶ್ವಪಟ್ಟಿಯಲ್ಲಿ 600ರ ಹತ್ತಿರ ಇದೆ, ಇನ್ನೆರಡು ವರ್ಷ ಮನೆಯಿಂದ ದುಡ್ಡು ಹಾಕಬಹುದೇ ಎಂದು ಕೇಳಿದ್ದೀರಿ. ಈ ಮಟ್ಟದಲ್ಲಿ ಆಟದ ಖರ್ಚು ಆಟದಿಂದ ಹುಟ್ಟುವುದಿಲ್ಲ. ಹಾಕಿದ ದುಡ್ಡು ಯಾವ ಟೂರ್ನಿಗಳಿಗೆ ಹೋಗುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಒಂದು ವಾರದ ಲೆಕ್ಕ ಹಾಕಿ ನೋಡಿ. ಎಂ15 ಅಂದರೆ ಒಟ್ಟು 15,000 ಡಾಲರ್ ಬಹುಮಾನದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿ, ಸಿಂಗಲ್ಸ್ ಮೇನ್ ಡ್ರಾನಲ್ಲಿ, ಅಂದರೆ ಮುಖ್ಯ ಸುತ್ತುಗಳಲ್ಲಿ, 32 ಜನ. ಮೊದಲ ಸುತ್ತಲ್ಲೇ ಸೋತರೆ 156 ಡಾಲರ್, ರ‍್ಯಾಂಕಿಂಗ್ ಪಾಯಿಂಟ್ ಸೊನ್ನೆ. ಒಂದು ಪಂದ್ಯ ಗೆದ್ದು ಸೋತರೆ 258 ಡಾಲರ್, 1 ಪಾಯಿಂಟ್. ಸೆಮಿಫೈನಲ್‌ನಲ್ಲಿ ಸೋತವನಿಗೆ 752 ಡಾಲರ್, 4 ಪಾಯಿಂಟ್. ಕಪ್ ಗೆದ್ದವನಿಗೆ 2,160 ಡಾಲರ್, 15 ಪಾಯಿಂಟ್. ಎಷ್ಟೋ ದೇಶಗಳಲ್ಲಿ ಇದರಲ್ಲೂ ತೆರಿಗೆ ಮುರಿದುಕೊಂಡೇ ಕೊಡುತ್ತಾರೆ. ಹೋಟೆಲ್, ಊಟಕ್ಕೆ ದಿನಕ್ಕೆ 60 ಡಾಲರ್ ಹಿಡಿದರೆ ವಾರಕ್ಕೆ 420. ಕ್ವಾರ್ಟರ್‌ಫೈನಲ್‌ನಲ್ಲಿ ಸೋತವನಿಗೆ ಸಿಗುವುದು 438. ಮೂವತ್ತೆರಡು ಜನರಲ್ಲಿ ಮೊದಲ ಎಂಟರೊಳಗೆ ಬಂದವನ ಗತಿಯೇ ಇದು. ವಿಮಾನ, ಕೋಚ್, ಗಟ್ಟಿಂಗ್ (ರಾಕೆಟ್‌ಗೆ ಗಟ್, ಅಂದರೆ ತಂತಿ, ಹಾಕಿಸುವುದು) ಎಲ್ಲ ಮನೆಯ ತಲೆ ಮೇಲೆ.

ಗಟ್ಟಿಂಗ್ ಅಂದರೆ ಸಣ್ಣ ಖರ್ಚು ಅಂದುಕೊಳ್ಳಬೇಡಿ. ಒಂದು ರಾಕೆಟ್‌ಗೆ ಸುಮಾರು 12 ಮೀಟರ್ ಬೇಕು, 200 ಮೀಟರ್‌ನ ರೀಲ್ ತಂದರೆ ಹದಿನಾರು ಸಲ ಹಾಕಬಹುದು. ಬಿಡಿ ಪ್ಯಾಕೆಟ್ ಕೊಳ್ಳುವುದು ದಂಡ. ಪಾಲಿಯೆಸ್ಟರ್ ಗಟ್ ಕಡಿಯಲಿ ಅಂತ ಕಾಯುವುದು ದೊಡ್ಡ ತಪ್ಪು. ಅದು ಕಡಿಯುವ ಮೊದಲೇ ಸತ್ತಿರುತ್ತದೆ. ಕೆಲವೇ ಗಂಟೆಗಳ ಆಟಕ್ಕೆ ಬಿಗಿ ಇಳಿದು, ಚೆಂಡು ಗೆರೆ ದಾಟಿ ಬೀಳಲು ಶುರುವಾಗುತ್ತದೆ. ಹುಡುಗ ತನ್ನ ಫೋರ್‌ಹ್ಯಾಂಡೇ ಕೆಟ್ಟಿತು ಅಂದುಕೊಳ್ಳುತ್ತಾನೆ.

ಇನ್ನು ಎಂಟ್ರಿ. ಟೂರ್ನಿಯ ಸೋಮವಾರಕ್ಕೆ 18 ದಿನ ಮುಂಚಿನ ಗುರುವಾರ ಹೆಸರು ಕೊಡುವ ಕೊನೆ ದಿನ, ನಮ್ಮ ಸಮಯ ಸಂಜೆ 7.30. ಹಿಂದೆ ಸರಿಯಲು 13 ದಿನ ಮುಂಚಿನ ಮಂಗಳವಾರದವರೆಗೆ ಅವಕಾಶ, ಆಮೇಲೆ ಸರಿದರೆ ದಂಡ ಬೀಳಬಹುದು. ಒಂದೇ ವಾರಕ್ಕೆ ಹಲವು ಟೂರ್ನಿಗಳಿಗೆ ಆದ್ಯತೆ ಕ್ರಮದಲ್ಲಿ ಹೆಸರು ಕೊಡಬಹುದು. ಯಾರಿಗೆ ಜಾಗ ಸಿಕ್ಕಿತು ಅನ್ನುವ ಪಟ್ಟಿ ಬರುವ ಮುಂಚೆ ಟಿಕೆಟ್ ಕಾದಿರಿಸಿದರೆ ಮುಗಿಯಿತು ಕಥೆ. ವಾಪಸಿನ ಟಿಕೆಟ್ ದಿನಾಂಕ ಬದಲಾಯಿಸುವಂಥದ್ದೇ ಇರಲಿ, ಯಾವ ದಿನ ಸೋಲುತ್ತೇವೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದಾದ್ದರಿಂದ ಯೂರೋಪನ್ನು ಅಳೆದು ಬಳಸಬೇಕು. ಟ್ಯುನೀಷಿಯಾದ ಮೊನಾಸ್ಟಿರ್, ಟರ್ಕಿಯ ಅಂಟಾಲ್ಯಗಳಲ್ಲಿ ವಾರದ ಮೇಲೆ ವಾರ ಎಂ15 ನಡೆಯುವುದರಿಂದ ಒಂದೇ ವಿಮಾನದ ಖರ್ಚಿಗೆ ಮೂರು-ನಾಲ್ಕು ಟೂರ್ನಿ ಸಿಗುತ್ತವೆ. ಮೈಸೂರು, ಧಾರವಾಡ, ಕಲಬುರಗಿಯಲ್ಲೂ ಎಂ15ಗಿಂತ ಒಂದು ಮೆಟ್ಟಿಲು ಮೇಲಿನ ಎಂ25 ನಡೆದಿವೆ. ಮನೆಯ ಹತ್ತಿರದ್ದನ್ನು ಬಿಡಲೇಬಾರದು.

ಆದರೆ ಎಂ15ಗಳಲ್ಲೇ ಉಳಿದರೆ ಬಡತನ ತಪ್ಪದು. ಗ್ರ್ಯಾಂಡ್ ಸ್ಲಾಮ್ ಕ್ವಾಲಿಫೈಯಿಂಗ್‌ಗೆ (ಮೇನ್ ಡ್ರಾಗೆ ಅರ್ಹತೆ ಪಡೆಯುವ ಸುತ್ತುಗಳಿಗೆ) ಹೆಚ್ಚುಕಡಿಮೆ ಇನ್ನೂರು ಚಿಲ್ಲರೆ ಪಾಯಿಂಟ್ ಬೇಕು. 15ರಂತೆ ಕೂಡಿಸುತ್ತ ಹೋದರೆ 52 ವಾರದೊಳಗೆ ಹದಿನೈದು ಕಪ್ ಗೆಲ್ಲಬೇಕು. 52 ವಾರ ದಾಟಿದ ಹಳೆಯ ಪಾಯಿಂಟ್ ಅಷ್ಟರಲ್ಲಿ ಉದುರುತ್ತಿರುತ್ತದೆ. ಚಾಲೆಂಜರ್‌ನ (ಐಟಿಎಫ್ ಟೂರ್ನಿಗಳಿಗಿಂತ ಮೇಲಿನ ಹಂತದ ಎಟಿಪಿ ಟೂರ್ನಿಗಳು) ಕೆಳಗಿನ ದರ್ಜೆಯಲ್ಲೇ ಒಂದು ಕಪ್‌ಗೆ 50 ಪಾಯಿಂಟ್, ಮೇನ್ ಡ್ರಾ ಆಟಗಾರರಿಗೆ ಹೋಟೆಲ್ ಕೋಣೆಯೂ ಉಚಿತ. ಮೇಲೆ ದುಡ್ಡು ಏರುವುದಿಲ್ಲ, ಜಿಗಿಯುತ್ತದೆ: 2025ರ ಆಸ್ಟ್ರೇಲಿಯನ್ ಓಪನ್ ಕ್ವಾಲಿಫೈಯಿಂಗ್‌ನ ಮೊದಲ ಸುತ್ತಲ್ಲಿ ಸೋತವನಿಗೂ 35,000 ಆಸ್ಟ್ರೇಲಿಯನ್ ಡಾಲರ್, ಅಂದರೆ ಹತ್ತು ಎಂ15 ಕಪ್‌ಗಳ ದುಡ್ಡು. ಭಾರತದ ನಂ. 1 ಆಗಿದ್ದ ಸುಮಿತ್ ನಾಗಲ್ 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿನಲ್ಲಿ 900 ಯೂರೋ ಉಳಿದಿದೆ ಎಂದಿದ್ದರು. ನಾಲ್ಕು ತಿಂಗಳ ನಂತರ ಅದೇ ಮೆಲ್ಬರ್ನ್‌ನಲ್ಲಿ ಕ್ವಾಲಿಫೈ ಆಗಿ, 31ನೇ ಶ್ರೇಯಾಂಕದ ಬುಬ್ಲಿಕ್‌ರನ್ನು ಸೋಲಿಸಿ 1,80,000 ಆಸ್ಟ್ರೇಲಿಯನ್ ಡಾಲರ್ ಗಳಿಸಿದರು.

ಡಬಲ್ಸನ್ನು ಹಗುರವಾಗಿ ನೋಡಬೇಡಿ. ಕೊಡಗಿನ ರೋಹನ್ ಬೋಪಣ್ಣ ಸಿಂಗಲ್ಸ್‌ನಲ್ಲಿ ಮುಟ್ಟಿದ್ದು 213, ಡಬಲ್ಸ್‌ನಲ್ಲಿ 43ನೇ ವಯಸ್ಸಿಗೆ ನಂ. 1. ಇನ್ನೊಂದು ಮಾತು: ಕೈ ಬರಿದಾದ ಹುಡುಗರನ್ನೇ ಫಿಕ್ಸರ್‌ಗಳು ಹುಡುಕಿಕೊಂಡು ಬರುತ್ತಾರೆ. ಒಪ್ಪದಿದ್ದರೆ ಸಾಲದು, ಬಂದ ಆಮಿಷವನ್ನು ಟೆನಿಸ್‌ನ ಭ್ರಷ್ಟಾಚಾರ ತಡೆ ಸಂಸ್ಥೆಯಾದ ಐಟಿಐಎಗೆ ತಿಳಿಸದಿದ್ದರೂ ಅಪರಾಧ. ಟೆನಿಸ್ ಮೇಲೆ ಹತ್ತು ರೂಪಾಯಿ ಬೆಟ್ಟಿಂಗೂ ಕೂಡದು.

ಎರಡು ವರ್ಷ ಕೊಡುವುದೋ ಬೇಡವೋ ಅನ್ನಲು ರ‍್ಯಾಂಕಿಂಗ್ ನೋಡಬೇಡಿ. ಕಳೆದ ವರ್ಷ ಅವನು 400ರೊಳಗಿನವರ ಎದುರು ಆಡಿದ ಪಂದ್ಯಗಳನ್ನಷ್ಟೇ ಬೇರೆ ತೆಗೆದು ಬರೆಯಿರಿ. ಮೂರರಲ್ಲಿ ಒಂದು ಗೆದ್ದಿದ್ದರೆ ನಾನಾದರೂ ದುಡ್ಡು ಹಾಕುತ್ತೇನೆ, ಅದೂ ಚಾಲೆಂಜರ್ ಕ್ವಾಲಿಫೈಯಿಂಗ್‌ಗೆ. ಅಂಥ ಪಂದ್ಯಗಳೇ ಇಲ್ಲದಿದ್ದರೆ ಅವನು ಇಷ್ಟು ದಿನ ಆಡಿದ್ದು ತಪ್ಪು ಟೂರ್ನಿಗಳನ್ನು.